ಬೆಂಗಳೂರಿನ ಬೀದಿಯಲ್ಲಿ ಮಲಗುವವರು: ಪದೇ ಪದೇ ಕೇಳುವ ಪ್ರಶ್ನೆಗಳು

ಅವೆನ್ಯೂ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಸ್ಟೇಷನರಿ ಅಂಗಡಿ ಇದೆ. ರಾತ್ರಿ ಎಂಟೂವರೆಗೆ ಶಟರ್ ಎಳೆಯುತ್ತೇವೆ. ಒಂಬತ್ತರ ಹೊತ್ತಿಗೆ ಅದೇ ಶಟರ್ ಮುಂದಿನ ಮೆಟ್ಟಿಲ ಮೇಲೆ ಒಬ್ಬರು ಫ್ಲೆಕ್ಸ್ ಹಾಸಿಕೊಂಡು ಮಲಗುತ್ತಿದ್ದರು. ಯಾವುದೋ ಲೀಡರ್‌ನ ಹುಟ್ಟುಹಬ್ಬದ ಫ್ಲೆಕ್ಸ್ ಅದು. ಫೋಟೊ ಇರುವ ಬದಿ ಕೆಳಗೆ, ಬಿಳಿ ಬದಿ ಮೇಲೆ. ಐದು ವರ್ಷ ಹೀಗೇ ನಡೆಯಿತು. ಅಕ್ಕಪಕ್ಕದ ಅಂಗಡಿಯವರು, ನೆಂಟರು, ಗಿರಾಕಿಗಳು ಇದರ ಬಗ್ಗೆ ನನ್ನನ್ನು ಕೇಳಿದ್ದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಮೊದಮೊದಲು ನನಗೂ ಉತ್ತರ ಗೊತ್ತಿರಲಿಲ್ಲ. ಒಂದಷ್ಟು ಓದಿ, ಒಂದಷ್ಟು ಅಲೆದು, ಜಾಸ್ತಿ ಅವರ ಹತ್ತಿರವೇ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮನೆ ಇಲ್ಲದವರು ಅಂದರೆ ಯಾರು? ಸ್ಲಂನವರೂ ಅದರಲ್ಲಿ ಬರುತ್ತಾರಾ?

ಇಲ್ಲ, ಎರಡೂ ಬೇರೆ. ಸ್ಲಂನಲ್ಲಿ ಮನೆ ಚಿಕ್ಕದಿರಬಹುದು, ಸೋರಬಹುದು. ಆದರೂ ಒಂದು ಬಾಗಿಲು ಇರುತ್ತದೆ, ಬಾಗಿಲಿಗೊಂದು ಬೀಗ ಇರುತ್ತದೆ. ಜನಗಣತಿಯವರು ಮನೆ ಇಲ್ಲದವರು ಎಂದು ಎಣಿಸುವುದು ಬಯಲಲ್ಲಿ, ರಸ್ತೆ ಬದಿಯಲ್ಲಿ, ಫುಟ್‌ಪಾತ್ ಮೇಲೆ, ದೊಡ್ಡ ಸಿಮೆಂಟ್ ಪೈಪುಗಳ ಒಳಗೆ, ಫ್ಲೈಓವರ್ ಅಥವಾ ಮೆಟ್ಟಿಲ ಕೆಳಗೆ, ಗುಡಿ ಮಸೀದಿಗಳ ಹೊರಗೆ, ರೈಲ್ವೆ ಪ್ಲಾಟ್‌ಫಾರ್ಮ್ ಮೇಲೆ ಮಲಗುವವರನ್ನು.

ನಡುವೆ ಇರುವವರೂ ಇದ್ದಾರೆ. ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲ್ ಕಟ್ಟಿಕೊಂಡು ಇರುವ ಗಾರೆ ಕೆಲಸದವರನ್ನು ನೀವು ನೋಡಿಯೇ ಇರುತ್ತೀರಿ. ಅದನ್ನು ಮನೆ ಅನ್ನಬೇಕೋ ಬೇಡವೋ ಎಂದು ಅಧಿಕಾರಿಗಳು ಚರ್ಚೆ ಮಾಡಬಹುದು. ಸೈಟಿನ ಓನರ್ ಬಂದು ನಾಳೆ ಖಾಲಿ ಮಾಡಿ ಅಂದರೆ ಅವರು ಖಾಲಿ ಮಾಡಬೇಕು, ಅಷ್ಟೇ.

ಎಷ್ಟು ಜನ ಇದ್ದಾರೆ?

2011ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 17.7 ಲಕ್ಷ, ಕರ್ನಾಟಕದಲ್ಲಿ ಸುಮಾರು 76 ಸಾವಿರ ಜನ ಮನೆ ಇಲ್ಲದವರು ಎಂದು ಲೆಕ್ಕ ಸಿಕ್ಕಿತು. ಇವರನ್ನು ಎಣಿಸಿದ್ದು ಒಂದೇ ರಾತ್ರಿ, ಫೆಬ್ರುವರಿ 28ರಂದು. ಆ ರಾತ್ರಿ ಮಾರ್ಕೆಟ್‌ನಲ್ಲಿ ಲಾರಿ ಇಳಿಸುತ್ತಿದ್ದವನು, ಛತ್ರದಲ್ಲಿ ಪಾತ್ರೆ ತೊಳೆಯುತ್ತಿದ್ದವಳು, ಪೊಲೀಸರು ಬಂದರೆಂದು ಗಲ್ಲಿ ಬದಲಿಸಿದವರು ಎಲ್ಲ ಲೆಕ್ಕಕ್ಕೆ ಸಿಕ್ಕಿರುತ್ತಾರೆ ಎಂದು ನನಗಂತೂ ಅನಿಸುವುದಿಲ್ಲ. ಆಮೇಲೆ ಪೂರ್ತಿ ಜನಗಣತಿ ಆಗಿಯೇ ಇಲ್ಲ. ಮುಂದಿನದಕ್ಕೆ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಅಂದರೆ ಇವತ್ತಿಗೂ ನಾವು ಮಾತಾಡುವುದು ಹದಿನೈದು ವರ್ಷ ಹಳೆಯ ಲೆಕ್ಕ ಇಟ್ಟುಕೊಂಡು.

ಇವರೆಲ್ಲ ಭಿಕ್ಷುಕರಲ್ವಾ?

ನನಗೆ ಅತಿ ಜಾಸ್ತಿ ಬಂದಿರುವ ಪ್ರಶ್ನೆ ಇದೇ. ಉತ್ತರ: ಬಹುಪಾಲು ಅಲ್ಲ. ಬೇಡುವವರು ಹಗಲು ಹೊತ್ತು ಸಿಗ್ನಲ್‌ನಲ್ಲಿ ನಮ್ಮ ಕಣ್ಣಿಗೆ ಬೀಳುತ್ತಾರೆ. ಕೆಲಸ ಮಾಡುವವರು ರಾತ್ರಿ ಮಲಗಿದಾಗ ಬೀಳುತ್ತಾರೆ. ನಾವು ಎರಡನ್ನೂ ಸೇರಿಸಿ ಒಂದೇ ಮಾಡಿಬಿಡುತ್ತೇವೆ.

ಕೆ.ಆರ್. ಮಾರ್ಕೆಟ್, ಕಲಾಸಿಪಾಳ್ಯ, ಮೆಜೆಸ್ಟಿಕ್, ಯಶವಂತಪುರ, ಶಿವಾಜಿನಗರ. ರಾತ್ರಿ ಜನ ಮಲಗುವ ಜಾಗಗಳ ಹೆಸರು ಹೇಳಿದರೆ ಸಾಕು, ಅವರ ಕೆಲಸ ಏನು ಅಂತ ಗೊತ್ತಾಗುತ್ತದೆ. ಮೂಟೆ ಹೊರುವುದು, ಗಾಡಿ ತಳ್ಳುವುದು, ಹೂವಿನ ಮೂಟೆ ಬಿಚ್ಚುವುದು, ಚಿಂದಿ ಆಯುವುದು, ಹೋಟೆಲ್ ಪಾತ್ರೆ, ಕೇಟರಿಂಗ್. ಮದುವೆ ಸೀಸನ್‌ನಲ್ಲಿ ಕೇಟರಿಂಗ್ ಮೇಸ್ತ್ರಿ ಬಂದು ಹತ್ತು ಜನರನ್ನು ಟೆಂಪೋದಲ್ಲಿ ಕರೆದುಕೊಂಡು ಹೋಗುತ್ತಾನೆ. ಛತ್ರದಲ್ಲಿ ನಿಮ್ಮ ಎಲೆಗೆ ಹೋಳಿಗೆ ಬಡಿಸಿದವರು ಆ ರಾತ್ರಿ ಎಲ್ಲಿ ಮಲಗಿದರು ಅಂತ ನಾವು ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ ಬಿಡಿ.

ದುಡಿಯುತ್ತಾರೆ ಅಂದ ಮೇಲೆ ಒಂದು ರೂಮು ಮಾಡಬಹುದಲ್ವಾ?

ನಮ್ಮ ಮೆಟ್ಟಿಲ ಮೇಲೆ ಮಲಗುತ್ತಿದ್ದವರನ್ನು ನಾನೂ ಇದನ್ನೇ ಕೇಳಿದ್ದೆ. ಯಾದಗಿರಿ ಕಡೆಯವರು, ಮಾರ್ಕೆಟ್‌ನಲ್ಲಿ ಮೂಟೆ ಹೊರುತ್ತಾರೆ. ಉತ್ತರ ಕೊಡುವ ಬದಲು ನನ್ನನ್ನೇ ಕೇಳಿದರು: “ರೂಮ್ ಮಾಡೂದು ಸರಿ, ಮುಂಜಾನಿ ಮೂರಕ್ಕ ಬರಾಕ ಯಾವ ಬಸ್ ಐತ್ರಿ ಸಾರ್?”

ಹೂವು, ತರಕಾರಿ ಲಾರಿಗಳು ಬರುವುದೇ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ. ಲಾರಿ ಬಂದಾಗ ಅಲ್ಲಿ ಇದ್ದವನಿಗೆ ಕೂಲಿ. ಕಡಿಮೆ ಬಾಡಿಗೆಯ ಶೀಟ್ ಮನೆ ಸಿಗುವುದು ಊರಾಚೆ. ಅಲ್ಲಿಂದ ಆ ಹೊತ್ತಿಗೆ ಬಸ್ಸೂ ಇಲ್ಲ, ಮೆಟ್ರೋನೂ ಇಲ್ಲ. ಆಟೋಗೆ ಕೊಟ್ಟರೆ ಕೂಲಿ ಅಲ್ಲಿಗೇ ಮುಗಿಯಿತು. ಅವರಿಗೆ ನಮ್ಮ ಮೆಟ್ಟಿಲು ಮನೆ ಅಲ್ಲ, ಕೆಲಸದ ಬಾಗಿಲು.

ಎರಡನೆಯದು ಅಡ್ವಾನ್ಸ್. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಈ ಊರಿನ ಹಳೇ ರೂಢಿ. ಬಾಡಿಗೆ 5 ಸಾವಿರ ಅಂತಿಟ್ಟುಕೊಳ್ಳಿ, ಅಡ್ವಾನ್ಸ್ 50 ಸಾವಿರ ಆಯಿತು. ಆರು ತಿಂಗಳಿಗೆ ಇಳಿಸಿದರೂ 30 ಸಾವಿರ. ದಿನಗೂಲಿಯವನಿಗೆ ಬಾಡಿಗೆ ಕೊಡುವ ಶಕ್ತಿ ಇದ್ದರೂ ಅಷ್ಟನ್ನು ಒಟ್ಟಿಗೆ ಕೊಡುವ ಶಕ್ತಿ ಇರುವುದಿಲ್ಲ. ಕೂಡಿಡೋಣ ಅಂದರೆ ಇಡುವುದು ಎಲ್ಲಿ? ಜೇಬಲ್ಲಿ ಇಟ್ಟರೆ ಮಲಗಿದಾಗ ಬ್ಲೇಡ್ ಹಾಕುತ್ತಾರೆ.

ಇನ್ನೊಂದು, ಬೀದಿಯಲ್ಲಿ ಬದುಕುವುದು ಪುಕ್ಕಟೆ ಅಂತ ನಾವು ತಿಳಿದಿದ್ದೇವೆ. ಒಮ್ಮೆ ಅವರು ಬೆರಳು ಮಡಿಸಿ ಲೆಕ್ಕ ಹೇಳಿದರು. ಶೌಚಾಲಯಕ್ಕೆ ದುಡ್ಡು, ಸ್ನಾನಕ್ಕೆ ಬೇರೆ, ಫೋನ್ ಚಾರ್ಜ್ ಮಾಡಿಸಿದರೆ ಹತ್ತು, ಮೂರು ಹೊತ್ತೂ ಹೊರಗಿನ ಊಟ, ಮಳೆ ಬಂದ ರಾತ್ರಿ ನಿಂತುಕೊಂಡೇ ಕಳೆಯಲು ನಾಲ್ಕು ಟೀ. ತಿಂಗಳಿಗೆ ಕೂಡಿಸಿದರೆ ಒಂದು ಶೀಟ್ ಮನೆಯ ಬಾಡಿಗೆಗೆ ಹತ್ತಿರ ಹತ್ತಿರ ಬಂತು.

ಎಲ್ಲರೂ ಹೊರಗಿನಿಂದ ಬಂದವರಾ?

ಅಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬೀದಿಗೆ ಬಿದ್ದವರೂ ಇದ್ದಾರೆ. 2013ರ ಜನವರಿಯಲ್ಲಿ ಈಜಿಪುರದ ಬಡವರ ಕ್ವಾರ್ಟರ್ಸ್ ಜಾಗದಿಂದ ಸುಮಾರು 1,500 ಕುಟುಂಬಗಳನ್ನು ಎಬ್ಬಿಸಿದ್ದು ನಿಮಗೆ ನೆನಪಿರಬಹುದು. ಹಿಂದಿನ ದಿನದವರೆಗೆ ಅವರು ಮನೆ ಇದ್ದವರು. ಮಾರನೇ ದಿನ ಫುಟ್‌ಪಾತ್‌ನಲ್ಲಿ ಪಾತ್ರೆ, ಟಿವಿ, ಮಕ್ಕಳ ಪುಸ್ತಕ. ಹಲವರು ಆ ಜಾಗದ ಪಕ್ಕದಲ್ಲೇ ಬಹಳ ಕಾಲ ಟಾರ್ಪಾಲ್ ಕಟ್ಟಿಕೊಂಡು ಕಾದರು.

ಮಕ್ಕಳು ಹೊರಗೆ ಹಾಕಿದ ಮುದುಕರು, ಗಂಡನ ಹೊಡೆತ ತಾಳದೆ ಬಂದ ಹೆಂಗಸರು, ಆಸ್ಪತ್ರೆ ಬಿಲ್ಲಿಗೆ ಇದ್ದದ್ದನ್ನೆಲ್ಲ ಮಾರಿದವರು, ಮನೆಯವರೇ ಓಡಿಸಿದ ಮಂಗಳಮುಖಿಯರು ಇವರಲ್ಲಿದ್ದಾರೆ. ಕಾರಣ ಒಂದೇ ಅಲ್ಲ. ಹಾಗಾಗಿ ಒಂದೇ ಮದ್ದು ಎಲ್ಲರಿಗೂ ಆಗುವುದೂ ಇಲ್ಲ.

ಊರಿಗೆ ವಾಪಸ್ ಹೋಗಬಹುದಲ್ಲ?

ಹೋಗುತ್ತಾರೆ. ಯುಗಾದಿಗೆ, ಜಾತ್ರೆಗೆ, ಬಿತ್ತನೆ ಹೊತ್ತಿಗೆ. ನಮ್ಮ ಮೆಟ್ಟಿಲಿನವರಿಗೆ ಊರಲ್ಲಿ ಎರಡು ಎಕರೆ ಒಣಭೂಮಿ ಇದೆ, ಬೋರ್‌ವೆಲ್ ಸಾಲವೂ ಇದೆ, ಬೋರ್‌ನಲ್ಲಿ ನೀರು ಮಾತ್ರ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಹೋದವರು ಮೂರು ತಿಂಗಳಿಗೆ ಮರಳಿ ಬಂದರು.

ಅವರ ಚೀಲದಲ್ಲಿ ಅಷ್ಟೊಂದು ಏನಿರುತ್ತೆ?

ಪಕ್ಕದ ಅಂಗಡಿ ಹುಡುಗ ಕೇಳಿದ ಪ್ರಶ್ನೆ ಇದು. ಈ ಪಟ್ಟಿಯಲ್ಲೇ ಒಳ್ಳೆಯ ಪ್ರಶ್ನೆ ಅಂತ ನನಗೆ ಅನಿಸುತ್ತದೆ.

25 ಕೆ.ಜಿ. ಅಕ್ಕಿ ಬರುತ್ತದಲ್ಲ, ಆ ಪ್ಲಾಸ್ಟಿಕ್ ಚೀಲ. ಬಾಯಿಗೆ ಹಳೇ ಸೀರೆಯ ಅಂಚು ಕಟ್ಟಿದ್ದರು. ಒಳಗೆ ಒಂದು ಲುಂಗಿ, ಒಂದು ಟವೆಲ್, ಊರಿಗೆ ಹೋಗುವಾಗ ಮಾತ್ರ ಹಾಕುವ ಇಸ್ತ್ರಿ ಅಂಗಿ ಪೇಪರ್‌ನಲ್ಲಿ ಸುತ್ತಿ, ಸ್ವೆಟರ್, ಸ್ಟೀಲ್ ಲೋಟ, ಕವರ್‌ನಲ್ಲಿ ಅರ್ಧ ಸೋಪು, ಚಾರ್ಜರ್. ಎಲ್ಲಕ್ಕಿಂತ ಕೆಳಗೆ ಎರಡು ಪ್ಲಾಸ್ಟಿಕ್ ಕವರ್ ಒಂದರೊಳಗೊಂದು ಹಾಕಿ, ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡಿನ ಜೆರಾಕ್ಸ್, ವಿಕ್ಟೋರಿಯಾ ಆಸ್ಪತ್ರೆಯ ಚೀಟಿ, ಮಗಳ ಮದುವೆಯ ಒಂದು ಫೋಟೊ.

ಹಗಲು ಮೂಟೆ ಹೊರುವಾಗ ಈ ಚೀಲ ಎಲ್ಲಿಡಬೇಕು? ಇದೇ ದೊಡ್ಡ ತಲೆನೋವು. ಚೀಲ ಹೊತ್ತುಕೊಂಡು ಹೋದರೆ ಕೆಲಸ ಕೊಡುವುದಿಲ್ಲ. ಹೋಟೆಲ್ ಒಳಗೆ ಬಿಡುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಮುಖ ಸಿಂಡರಿಸುತ್ತಾನೆ. ಇಟ್ಟು ಹೋದರೆ ಕಳುವು. ಅವರು ಮೊದಲು ನಮ್ಮ ಮೆಟ್ಟಿಲ ಸಂದಿಯಲ್ಲಿ, ಮೀಟರ್ ಬೋರ್ಡಿನ ಹಿಂದೆ ಇಡುತ್ತಿದ್ದರು.

ಒಂದು ಆಗಸ್ಟ್ ಬೆಳಗ್ಗೆ ಫುಟ್‌ಪಾತ್ ಕ್ಲೀನ್ ಮಾಡುವ ಗಾಡಿ ಬಂತು. ಅವರು ಮಾರ್ಕೆಟ್‌ಗೆ ಹೋಗಿದ್ದರು, ನಾನಿನ್ನೂ ಅಂಗಡಿ ತೆಗೆದಿರಲಿಲ್ಲ. ಚೀಲ ಗಾಡಿಗೆ ಹೋಯಿತು. ಹತ್ತು ಗಂಟೆಗೆ ಬಂದವರು ಸಂದಿ ನೋಡಿದರು, ನನ್ನನ್ನು ನೋಡಿದರು. ಇಬ್ಬರೂ ಸ್ಕೂಟರ್‌ನಲ್ಲಿ ಎರಡು ಕಡೆ ಹುಡುಕಿದೆವು. ಸಿಗಲಿಲ್ಲ. ಸ್ಕೂಟರ್ ಹಿಂದೆ ಕೂತು ದಾರಿಯುದ್ದಕ್ಕೂ ಒಂದೇ ಮಾತು: “ಫೋಟೊ ಇತ್ರಿ ಸಾರ್ ಅದರಾಗ.”

ಆಧಾರ್ ಮತ್ತೆ ತೆಗೆಸಲು ಮೂರು ಸಲ ಸೇವಾ ಕೇಂದ್ರಕ್ಕೆ ಹೋಗಬೇಕಾಯಿತು. ನಂಬರ್ ನೆನಪಿಲ್ಲ. ಲಿಂಕ್ ಆಗಿದ್ದ ಸಿಮ್ ಯಾವತ್ತೋ ಹೋಗಿದೆ. ಬೆರಳಿಟ್ಟರೆ ಮಿಷನ್ ತೆಗೆದುಕೊಳ್ಳುತ್ತಿಲ್ಲ, ಯಾಕೆಂದರೆ ಗೋಣಿಚೀಲ ಹಿಡಿದೂ ಹಿಡಿದೂ ಬೆರಳಿನ ಗೆರೆ ಸವೆದಿದೆ. ಕೊನೆಗೆ ಕಣ್ಣಿನ ಸ್ಕ್ಯಾನ್‌ನಿಂದ ಸಿಕ್ಕಿತು. ಮೂರು ದಿನದ ಕೂಲಿ ಹೋಯಿತು. ಫೋಟೊ ಮಾತ್ರ ಬರಲಿಲ್ಲ. ಅವತ್ತಿನಿಂದ ಅವರ ಹೊಸ ಚೀಲ ನಮ್ಮ ಕೌಂಟರ್ ಕೆಳಗೆ.

ಆಧಾರ್ ಇಲ್ಲದಿದ್ದರೆ ಅಷ್ಟೊಂದು ಕಷ್ಟವಾ?

ಸುಮ್ನೆ ಯೋಚಿಸಿ. ಹೆಂಗಸರಿಗೆ 2023ರ ಜೂನ್‌ನಿಂದ ಬಸ್ಸು ಉಚಿತ. ಆದರೆ ಕರ್ನಾಟಕದವರು ಎಂದು ತೋರಿಸುವ ಗುರುತಿನ ಚೀಟಿ ಬೇಕು. ಗೃಹಲಕ್ಷ್ಮಿಯ 2,000 ರೂಪಾಯಿಗೆ ರೇಷನ್ ಕಾರ್ಡು ಬೇಕು, ರೇಷನ್ ಕಾರ್ಡಿಗೆ ವಿಳಾಸ ಬೇಕು. ಬ್ಯಾಂಕಿಗೂ, ಸಿಮ್ಮಿಗೂ ವಿಳಾಸ ಬೇಕು. ತುಂಬಾ ಬಡವರಿಗೆ ಎಂದು ಮಾಡಿದ ಯೋಜನೆಗಳು ಎಲ್ಲರಿಗಿಂತ ಬಡವನ ಹತ್ತಿರ ಬಂದು ನಿಂತು ‘ಮನೆ ನಂಬರ್ ಎಷ್ಟು?’ ಎಂದು ಕೇಳುತ್ತವೆ.

ರೇಷನ್ ಕಾರ್ಡು ಇದ್ದರೆ ಊರು ಬಿಟ್ಟು ಬಂದರೂ ಬೇರೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು, ನಿಜ. ಆದರೆ ಬೀದಿಯಲ್ಲಿ ಇರುವವನು ಹಸಿ ಅಕ್ಕಿ ತಗೊಂಡು ಏನು ಮಾಡಬೇಕು? ಒಲೆ ಎಲ್ಲಿದೆ? ಅದಕ್ಕಿಂತ ಇಂದಿರಾ ಕ್ಯಾಂಟೀನ್ ಇವರಿಗೆ ನಿಜವಾಗಿ ದಕ್ಕಿದ ಯೋಜನೆ. 2017ರ ಆಗಸ್ಟ್‌ನಲ್ಲಿ ಶುರುವಾದಾಗ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಕಾರ್ಡು ಕೇಳುವುದಿಲ್ಲ, ವಿಳಾಸ ಕೇಳುವುದಿಲ್ಲ, ದುಡ್ಡು ಕೊಟ್ಟು ಟೋಕನ್ ತಗೊಂಡು ಉಣ್ಣಬೇಕು. ಆ ‘ದುಡ್ಡು ಕೊಟ್ಟು’ ಅನ್ನುವುದು ಉಣ್ಣುವವರಿಗೆ ಎಷ್ಟು ಮುಖ್ಯ ಅಂತ ಸಾಲಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ.

ವಿಳಾಸ ಇಲ್ಲದವರು ಕಾರ್ಡು, ವೋಟು ಮಾಡಿಸುವುದು ಹೇಗೆ?

ಆಧಾರ್‌ಗೆ, ಮಾನ್ಯತೆ ಇರುವ ಆಶ್ರಯ ಕೇಂದ್ರದ ಮುಖ್ಯಸ್ಥರು ಫೋಟೊ ಅಂಟಿಸಿ ಕೊಡುವ ಪ್ರಮಾಣಪತ್ರ ನಡೆಯುತ್ತದೆ. ಕಳೆದಿದ್ದರೆ ಹೊಸದಾಗಿ ಅರ್ಜಿ ಹಾಕಬೇಡಿ. ಬೆರಳು ಅಥವಾ ಕಣ್ಣಿನ ಸ್ಕ್ಯಾನ್‌ನಿಂದ ಹಳೇ ನಂಬರನ್ನೇ ತೆಗೆಯಬಹುದು.

ವೋಟಿನದು ನನಗೆ ತುಂಬಾ ಹಿಡಿಸಿದ ನಿಯಮ. ಮನೆ ಇಲ್ಲದವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಫಾರಂ 6ರಲ್ಲಿ ತಾವು ಮಲಗುವ ಜಾಗವನ್ನೇ ಬರೆಯಬಹುದು, ವಿಳಾಸದ ದಾಖಲೆ ಬೇಕಿಲ್ಲ. ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಬಂದು, ಒಂದಕ್ಕಿಂತ ಹೆಚ್ಚು ಸಲ, ಆ ವ್ಯಕ್ತಿ ನಿಜವಾಗಿಯೂ ಅಲ್ಲಿ ಮಲಗುತ್ತಾರಾ ಎಂದು ನೋಡಬೇಕು. ಮೆಟ್ಟಿಲೂ ಒಂದು ವಿಳಾಸ ಎಂದು ಒಪ್ಪಿಕೊಂಡ ಸರ್ಕಾರಿ ಕಾಗದ ನಾನು ನೋಡಿದ್ದು ಇದೊಂದೇ.

ಸರ್ಕಾರದ ರಾತ್ರಿ ತಂಗುದಾಣಗಳು ಇವೆಯಲ್ಲ?

ಇವೆ. ಆಹಾರದ ಹಕ್ಕಿನ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ತೆರೆದಿರುವ ಆಶ್ರಯ ಬೇಕು ಎಂದಿತು. 2013ರಲ್ಲಿ ಕೇಂದ್ರದ ನಗರ ಜೀವನೋಪಾಯ ಮಿಷನ್ ಇದನ್ನು ಯೋಜನೆ ಮಾಡಿತು: ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಜಾಗ, ತಲೆಗೆ 50 ಚದರ ಅಡಿ. ಗಂಡಸರಿಗೆ, ಹೆಂಗಸರಿಗೆ, ಕುಟುಂಬಗಳಿಗೆ ಬೇರೆ ಬೇರೆ. ಜಾಗ ಬಸ್‌ಸ್ಟ್ಯಾಂಡ್, ಸ್ಟೇಷನ್, ಮಾರ್ಕೆಟ್ ಹತ್ತಿರ ಇರಬೇಕು.

2011ರಲ್ಲಿ ನಮ್ಮ ನಗರದ ಜನಸಂಖ್ಯೆ 84 ಲಕ್ಷ. ಆ ಲೆಕ್ಕದಲ್ಲೇ 84 ಕೇಂದ್ರ ಬೇಕು, ಈಗಿನ ಲೆಕ್ಕದಲ್ಲಿ ನೂರು ದಾಟುತ್ತದೆ. ಬೆಂಗಳೂರು ಆ ಸಂಖ್ಯೆಯ ಹತ್ತಿರಕ್ಕೆ ಯಾವತ್ತೂ ಹೋಗಿಲ್ಲ. ಇದ್ದ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆಗಿವೆ. ರಸ್ತೆಯ ಈ ಬದಿ ಮಲಗಿದವನು ಒಂದು ಪಾಲಿಕೆ, ಆ ಬದಿ ಮಲಗಿದವನು ಇನ್ನೊಂದು ಪಾಲಿಕೆ ಅಂತ ಆಗದಿದ್ದರೆ ಸಾಕು.

ಜಾಗ ಖಾಲಿ ಇದ್ದರೂ ಕೆಲವರು ಯಾಕೆ ಹೋಗಲ್ಲ?

ನಮ್ಮವರು ಎರಡು ರಾತ್ರಿ ಹೋಗಿ ವಾಪಸ್ ಬಂದರು. ಬೈಯಲಿಲ್ಲ. “ಚಲೋ ಐತ್ರಿ. ಆದ್ರ ನನಗ ಒಗ್ಗೂದಿಲ್ಲ” ಅಂದರು. ಕೆದಕಿದಾಗ ಒಂದೊಂದೇ ಹೊರಬಂತು. ಬಾಗಿಲು ರಾತ್ರಿ ಹಾಕಿದರೆ ಬೆಳಗ್ಗೆ ತೆಗೆಯುವುದು, ಇವರಿಗೆ ಎರಡು ಗಂಟೆಗೆ ಎದ್ದು ಹೋಗಬೇಕು. ಚೀಲಕ್ಕೆ ಬೀಗ ಇರುವ ಜಾಗ ಇಲ್ಲ. ಪಕ್ಕದವನು ಇಡೀ ರಾತ್ರಿ ಕೆಮ್ಮುತ್ತಾನೆ. ಗಂಡ ಹೆಂಡತಿ ಜೊತೆಗಿರಲು ಆಗುವುದಿಲ್ಲ ಎಂದು ಮಾರ್ಕೆಟ್‌ನ ಇನ್ನೊಂದು ಜೋಡಿ ಹೋಗಲೇ ಇಲ್ಲ. ನಾಯಿ ಸಾಕಿದವರಿಗೆ ನಾಯಿಯನ್ನು ಬಿಡಲು ಮನಸ್ಸಿಲ್ಲ.

‘ಸೌಲಭ್ಯ ಕೊಟ್ಟರೂ ಬರಲ್ಲ ಇವರು’ ಅನ್ನುವವರು ಒಂದು ತಿಂಗಳು ಪಿಜಿಯಲ್ಲಿ ಇದ್ದು ನೋಡಲಿ. ಗೇಟ್ ಹತ್ತಕ್ಕೆ ಹಾಕುತ್ತಾರೆ ಅಂದರೆ ನಮ್ಮ ಮಕ್ಕಳೇ ಪಿಜಿ ಬದಲಿಸುತ್ತಾರೆ. ಚೆನ್ನಾಗಿ ನಡೆಸುವ ಕೇಂದ್ರಗಳೂ ಇವೆ, ಅಲ್ಲಿ ವರ್ಷಗಟ್ಟಲೆ ಇದ್ದು ಕೆಲಸ ಹಿಡಿದು ಹೊರಬಂದವರನ್ನೂ ನೋಡಿದ್ದೇನೆ. ವ್ಯತ್ಯಾಸ ಬಹಳ ಸಲ ಆ ಕೇಂದ್ರ ನೋಡಿಕೊಳ್ಳುವ ಒಬ್ಬ ಮನುಷ್ಯನದ್ದು.

ಆಸ್ತಿ ತೆರಿಗೆಯಲ್ಲಿ ಭಿಕ್ಷುಕರ ಸೆಸ್ ಕಟ್ಟುತ್ತೇವಲ್ಲ, ಅದು ಇವರಿಗೆ ಹೋಗುತ್ತಾ?

ರಸೀದಿ ಸರಿಯಾಗಿ ನೋಡಿದ್ದೀರಿ, ಸಂತೋಷ. ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಆ ಸೆಸ್ ಇರುತ್ತದೆ. 10 ಸಾವಿರ ತೆರಿಗೆಗೆ 300 ರೂಪಾಯಿ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಅದು ಕೇಂದ್ರ ಪರಿಹಾರ ಸಮಿತಿಗೆ ಹೋಗಬೇಕು. ಆ ಸಮಿತಿ ನಡೆಸುವುದೇ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರ. ಜನ ಇವತ್ತಿಗೂ ಬೆಗ್ಗರ್ಸ್ ಕಾಲೊನಿ ಅನ್ನುತ್ತಾರೆ.

ಅದು ರಾತ್ರಿ ತಂಗುದಾಣ ಅಲ್ಲ. ಬೇಡುವವರನ್ನು ಹಿಡಿದು ತಂದು ಇಡುವ ಜಾಗ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತು ರಾಜ್ಯವೇ ಬೆಚ್ಚಿತ್ತು. ಆ ಸುದ್ದಿ ಬೀದಿಯಲ್ಲಿ ಮಲಗುವವರಿಗೆ ಇನ್ನೂ ಮರೆತಿಲ್ಲ. ‘ಆಶ್ರಯ ಕೊಡ್ತೀವಿ, ವ್ಯಾನ್ ಹತ್ತಿ’ ಅಂದರೆ ಓಡುವುದು ಅದಕ್ಕೇ. ಅವರಿಗೆ ಎರಡೂ ವ್ಯಾನ್ ಒಂದೇ ಥರ ಕಾಣುತ್ತವೆ.

ಬೀದಿಯಲ್ಲಿ ಮಲಗುವುದು ಅಪರಾಧವಾ?

ಮನೆ ಇಲ್ಲದಿರುವುದು ಅಪರಾಧ ಅಲ್ಲ. ಮುಂಬೈ ಫುಟ್‌ಪಾತ್‌ನವರ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟ್, ಬದುಕುವ ಹಕ್ಕಿನಲ್ಲಿ ಹೊಟ್ಟೆಪಾಡಿನ ಹಕ್ಕೂ ಸೇರಿದೆ ಎಂದಿತು. ಹಾಗಂತ ಫುಟ್‌ಪಾತ್ ಅವರದ್ದೇ ಅನ್ನಲಿಲ್ಲ. ಎಬ್ಬಿಸುವ ಮೊದಲು ನೋಟಿಸ್ ಕೊಟ್ಟು ಮಾತು ಕೇಳಬೇಕು ಎಂದಿತು. ಬೇಡುವುದನ್ನೇ ಅಪರಾಧ ಮಾಡುವ ಕಲಮುಗಳನ್ನು ದೆಹಲಿ ಹೈಕೋರ್ಟ್ 2018ರಲ್ಲಿ ರದ್ದು ಮಾಡಿತು, ಆದರೆ ಅದು ದೆಹಲಿಗೆ. ನಮ್ಮ 1975ರ ಕಾಯ್ದೆ ಹಾಗೇ ಇದೆ.

ಹೆಂಗಸರು ಎಲ್ಲಿ ಮಲಗುತ್ತಾರೆ?

ನೀವು ಅವರನ್ನು ಮಲಗಿದ್ದು ನೋಡಿರುವುದು ಕಡಿಮೆ, ಅಲ್ವಾ? ಯಾಕೆಂದರೆ ಒಂಟಿ ಹೆಂಗಸು ರಾತ್ರಿ ಮಲಗುವುದೇ ಇಲ್ಲ. ಬಸ್‌ಸ್ಟ್ಯಾಂಡಿನ ಲೈಟಿನ ಕೆಳಗೆ, ಆಸ್ಪತ್ರೆ ಆವರಣದಲ್ಲಿ ರೋಗಿ ಕಡೆಯವರ ಹಾಗೆ ಕೂತಿರುತ್ತಾರೆ. ಬೆಳಗಾದ ಮೇಲೆ ಗುಡಿಯಲ್ಲೋ ಪಾರ್ಕಿನಲ್ಲೋ ಎರಡು ಗಂಟೆ ನಿದ್ದೆ. ಹಗಲು ಪಾರ್ಕಿನಲ್ಲಿ ಮಲಗಿದ ಹೆಂಗಸನ್ನು ನೋಡಿ ಸೋಮಾರಿ ಅನ್ನುವ ಮುಂಚೆ ಇದು ನೆನಪಿರಲಿ. ಶೌಚಾಲಯ ರಾತ್ರಿ ಹತ್ತಕ್ಕೆ ಬೀಗ ಹಾಕಿದರೆ ಸಂಜೆಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಆಪತ್ತಿನಲ್ಲಿದ್ದ ಹೆಂಗಸು ಕಂಡರೆ 181ಕ್ಕೆ ಅಥವಾ 112ಕ್ಕೆ ಕರೆ ಮಾಡಿ.

ಒಂದು ಮಗು ಒಂಟಿಯಾಗಿ ಕಂಡರೆ?

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ತಡ ಮಾಡಬೇಡಿ, ನೀವೇ ಮನೆಗೆ ಕರೆದುಕೊಂಡು ಹೋಗಬೇಡಿ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು ಎಂಬುದು ಕಾನೂನು.

ತಮ್ಮಷ್ಟಕ್ಕೆ ಮಾತಾಡಿಕೊಂಡು ಅಲೆಯುವವರಿಗೆ ಏನು ಮಾಡಬಹುದು?

2017ರ ಮಾನಸಿಕ ಆರೋಗ್ಯ ಕಾಯ್ದೆ ಇಲ್ಲಿ ಬಹಳ ಸ್ಪಷ್ಟವಾಗಿದೆ. ಮಾನಸಿಕ ಕಾಯಿಲೆ ಇದ್ದು ಅಲೆಯುತ್ತಿದ್ದಾರೆ ಎಂದು ಅನಿಸಿದರೆ ಅವರನ್ನು ರಕ್ಷಣೆಗೆ ತಗೊಂಡು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಹೋಗುವುದು ಪೊಲೀಸರ ಕೆಲಸ. ಲಾಕಪ್‌ನಲ್ಲಿ ಇಡುವ ಹಾಗಿಲ್ಲ. ಕಾಣೆಯಾದವರು ಎಂದು ಎಫ್‌ಐಆರ್ ಮಾಡಿ ಮನೆಯವರನ್ನು ಹುಡುಕಬೇಕು. ಮನೆ ಇಲ್ಲದವರಿಗೆ ಮಾನಸಿಕ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡು ಕೇಳುವ ಹಾಗಿಲ್ಲ. ಏನು ಮಾಡುವುದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ, ಕನ್ನಡದಲ್ಲೇ ಮಾತಾಡಬಹುದು.

ಆದರೆ ಕಾಯಿಲೆಯಿಂದ ಬೀದಿಗೆ ಬಂದರೋ, ಬೀದಿಯಿಂದ ಕಾಯಿಲೆ ಬಂತೋ ಅಂತ ಹೇಳುವುದು ಕಷ್ಟ. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಇಲ್ಲದಿದ್ದರೆ ಯಾರ ತಲೆಯೂ ನೆಟ್ಟಗಿರುವುದಿಲ್ಲ.

ದುಡ್ಡು ಕೊಟ್ಟರೆ ಕುಡಿಯುತ್ತಾರೆ ಅಂತಾರೆ. ನಿಜವಾ?

ಕೆಲವರು ಕುಡಿಯುತ್ತಾರೆ. ಮೈಕೈ ನೋವಿಗೆ, ಚಳಿಗೆ, ಬೇಜಾರಿಗೆ. 1884ರ ಜನವರಿಯಲ್ಲಿ ಈ ಊರಲ್ಲಿ 7.8 ಡಿಗ್ರಿ ಆಗಿತ್ತಂತೆ, ಈಗ ಅಷ್ಟು ಇಳಿಯುವುದಿಲ್ಲ. ಆದರೂ 14 ಡಿಗ್ರಿಯಲ್ಲಿ ಕಲ್ಲಿನ ಮೇಲೆ ಮಲಗಿ ನೋಡಿ. ಮನೆ ಇರುವವರೂ ಕುಡಿಯುತ್ತಾರೆ. ಅವರಿಗೆ ಒಳಗೆ ಕೂತು ಕುಡಿಯಲು ಗೋಡೆ ಇದೆ, ವ್ಯತ್ಯಾಸ ಅಷ್ಟೇ.

ಕಂಬಳಿ, ಊಟ ಹಂಚುವುದು ಒಳ್ಳೆಯದಾ?

ಡಿಸೆಂಬರ್‌ನಲ್ಲಿ ಒಂದೇ ವಾರದಲ್ಲಿ ನಮ್ಮವರಿಗೆ ಮೂರು ಕಂಬಳಿ ಬಂದವು. ಒಂದು ಇಟ್ಟುಕೊಂಡು ಎರಡು ಮಾರಿದರು. ನನ್ನ ಹೆಂಡತಿಗೆ ಸಿಟ್ಟು ಬಂತು. “ಮೂರು ಕಂಬಳಿ ಹೊತ್ಕೊಂಡು ಎಲ್ಲಿ ತಿರುಗೂದ್ರಿ ಅಕ್ಕಾರ?” ಎಂದರು. ಅವಳಲ್ಲಿ ಉತ್ತರ ಇರಲಿಲ್ಲ. ಅದೇ ಜನ ಸೆಪ್ಟೆಂಬರ್ ಮಳೆಯಲ್ಲಿ ಒಂದು ಟಾರ್ಪಾಲ್ ತುಂಡು ಕೊಟ್ಟಿದ್ದರೆ ಉಪಯೋಗ ಆಗುತ್ತಿತ್ತು.

ಹಾಗಂತ ಕೊಡಬೇಡಿ ಅನ್ನುತ್ತಿಲ್ಲ. ಕೇಳಿ ಕೊಡಿ. ಮಲಗಿದವರನ್ನು ನಡುರಾತ್ರಿ ಎಬ್ಬಿಸಿ, ಕಂಬಳಿ ಕೈಗಿತ್ತು, ಮುಖಕ್ಕೆ ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವುದನ್ನು ಮಾತ್ರ ದಯವಿಟ್ಟು ಬಿಡಿ. ಅವರು ಮೂರಕ್ಕೆ ಏಳಬೇಕು.

ನಾನೊಬ್ಬ ಅಂಗಡಿಯವ ಅಥವಾ ಅಪಾರ್ಟ್‌ಮೆಂಟ್‌ನವ. ನನ್ನ ಕೈಲಿ ಏನಾಗುತ್ತೆ?

ಚೀಲಕ್ಕೆ ಜಾಗ ಕೊಡಿ. ಇದಕ್ಕಿಂತ ಅಗ್ಗದ ಸಹಾಯ ಇನ್ನೊಂದಿಲ್ಲ. ದಾಖಲೆಗಳ ಫೋಟೊ ನಿಮ್ಮ ಫೋನಿನಲ್ಲಿ ತೆಗೆದಿಡಿ, ಕಳೆದಾಗ ನಂಬರ್ ಸಿಗುತ್ತದೆ. ಫೋನ್ ಚಾರ್ಜ್‌ಗೆ ಒಂದು ಪ್ಲಗ್. ಕುಡಿಯಲು ನೀರು. ಫುಟ್‌ಪಾತ್ ಕ್ಲೀನ್ ಮಾಡುವವರು ಬಂದಾಗ ‘ಅದು ಕಸ ಅಲ್ಲ, ಒಬ್ಬರ ಸಾಮಾನು’ ಎಂದು ಹೇಳಿ. ಒಬ್ಬರೇ ಇರುವ ಮುದುಕರು ಕಂಡರೆ ಹಿರಿಯರ ಸಹಾಯವಾಣಿ 14567, ಕಾಯಿಲೆ ಬಿದ್ದರೆ 108. ತಂಗುದಾಣ ಎಲ್ಲಿದೆ ಎಂದು ನಗರದ ಸಹಾಯವಾಣಿ 1533ರಲ್ಲಿ ಕೇಳಿ. ಸೇರಿಸುವ ಮುಂಚೆ ಒಂದು ಸಲ ನೀವೇ ಹೋಗಿ ನೋಡಿ ಬನ್ನಿ.

ಆಮೇಲೆ, ಮೆಟ್ಟಿಲ ಮೇಲೆ ಮೊಳೆ ಹೊಡೆಸುವುದು, ಕಬ್ಬಿಣದ ಮುಳ್ಳು ಹಾಕಿಸುವುದು ಬೇಡ. ನಮ್ಮ ಸಾಲಿನಲ್ಲೇ ಒಬ್ಬರು ಹಾಕಿಸಿದರು. ಮಲಗುತ್ತಿದ್ದವರು ನಾಲ್ಕು ಅಂಗಡಿ ಆಚೆಗೆ ಹೋದರು. ಹಾಕಿಸಿದವರ ಮೊಮ್ಮಗ ಬಿದ್ದು ಮಂಡಿ ಕೆತ್ತಿಸಿಕೊಂಡ.

ನಗರ ಏನು ಮಾಡಬೇಕು?

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಬೀಗ ಹಾಕುವ ಪೆಟ್ಟಿಗೆ. ರೈಲ್ವೆ ಸ್ಟೇಷನ್‌ನಲ್ಲಿ ಪ್ರಯಾಣಿಕರ ಲಗೇಜಿಗೆ ಕ್ಲೋಕ್ ರೂಮ್ ಇದೆ. ಮಾರ್ಕೆಟ್ ಹತ್ತಿರ ಕೂಲಿಯವರಿಗೂ ಅಂಥದ್ದೊಂದು ಯಾಕಿರಬಾರದು? ಜೊತೆಗೆ ಇಡೀ ರಾತ್ರಿ ತೆರೆದಿರುವ ಶೌಚಾಲಯ, ಸ್ನಾನಕ್ಕೆ ಬಿಸಿನೀರು. ತಂಗುದಾಣ ಕಟ್ಟುವುದಾದರೆ ಕೆಲಸದ ಜಾಗದ ಹತ್ತಿರ ಕಟ್ಟಲಿ, ಬಾಗಿಲು ಕೆಲಸದ ಹೊತ್ತಿಗೆ ತೆರೆಯಲಿ. ಊರಾಚೆ ಕಟ್ಟಿ ‘ಖಾಲಿ ಇದೆ’ ಅನ್ನುವುದು ನಾಟಕ.

ಅದಾದ ಮೇಲೆ ಅಡ್ವಾನ್ಸ್. ಲಾಕ್‌ಡೌನ್ ಆದ ಮೇಲೆ 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ವಲಸೆ ಕೆಲಸಗಾರರಿಗೆ ಕಡಿಮೆ ಬಾಡಿಗೆಯ ಮನೆಗಳ ಯೋಜನೆ ತಂದಿತು. ಅದು ಒಳ್ಳೆಯದೇ, ಆದರೆ ಕಟ್ಟಡ ಏಳಲು ವರ್ಷಗಳು ಬೇಕು. ಅಷ್ಟರಲ್ಲಿ ದಿನಗೂಲಿಯವರ ಅಡ್ವಾನ್ಸಿಗೆ ಪಾಲಿಕೆಯೋ ಸಹಕಾರ ಸಂಘವೋ ಜಾಮೀನು ನಿಂತರೆ, ಈಗಿರುವ ಶೀಟ್ ಮನೆಗಳ ಬಾಗಿಲೇ ತೆರೆಯುತ್ತವೆ. ಲಕ್ಷ ಕೊಟ್ಟು ಮನೆ ಕಟ್ಟುವುದಕ್ಕಿಂತ ಮೂವತ್ತು ಸಾವಿರಕ್ಕೆ ಜಾಮೀನು ನಿಲ್ಲುವುದು ಸುಲಭ ಅಲ್ವಾ?

ನಿಮ್ಮ ಮೆಟ್ಟಿಲ ಮೇಲೆ ಮಲಗುತ್ತಿದ್ದವರು ಈಗ ಎಲ್ಲಿ?

ಮಾರ್ಕೆಟ್‌ನ ಇನ್ನೂ ಮೂವರ ಜೊತೆ ಸೇರಿ, ನಡೆದು ಬರುವಷ್ಟು ದೂರದಲ್ಲಿ ಒಂದು ರೂಮು ಮಾಡಿದ್ದಾರೆ. ಅಡ್ವಾನ್ಸ್ ನಾಲ್ವರೂ ಹಾಕಿದರು. ಸ್ವಲ್ಪ ಕಡಿಮೆ ಬಿದ್ದಿದ್ದನ್ನು ನಾನು ಕೊಟ್ಟೆ, ತಿಂಗಳಿಗೆ ಐನೂರರಂತೆ ತೀರಿಸುತ್ತಿದ್ದಾರೆ. ಕಿಟಕಿ ಇಲ್ಲ, ನಾಲ್ವರೂ ಒಟ್ಟಿಗೆ ಮಲಗಿದರೆ ಕಾಲು ಚಾಚಲು ಆಗುವುದಿಲ್ಲ. ಇಬ್ಬರು ರಾತ್ರಿ ಕೆಲಸಕ್ಕೆ ಹೋಗುವುದರಿಂದ ನಡೆಯುತ್ತಿದೆ. ವರಮಹಾಲಕ್ಷ್ಮಿ, ಗಣೇಶನ ಹಬ್ಬದ ಹಿಂದಿನ ರಾತ್ರಿಗಳಲ್ಲಿ ಹೂವಿನ ಲಾರಿ ಸಾಲುಗಟ್ಟಿ ಬರುತ್ತವೆ. ಆಗ ಈಗಲೂ ನಮ್ಮ ಮೆಟ್ಟಿಲ ಮೇಲೇ ಬಂದು ಮಲಗುತ್ತಾರೆ.

ರೂಮಿಗೆ ಹೋದ ದಿನ ನಾನು ಕೌಂಟರ್ ಕೆಳಗಿನಿಂದ ಚೀಲ ತೆಗೆದು ಕೊಟ್ಟೆ. ಲುಂಗಿ, ಟವೆಲ್, ಲೋಟ ತೆಗೆದುಕೊಂಡರು. ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿದ ಕಾಗದ ಮಾತ್ರ ತೆಗೆಯಲಿಲ್ಲ. ಚೀಲದ ಬಾಯಿ ಮತ್ತೆ ಕಟ್ಟಿ ಒಳಗೆ ತಳ್ಳಿದರು.

“ಇದು ಇಲ್ಲೇ ಇರ್ಲಿ ಬಿಡ್ರಿ ಸಾರ್” ಅಂದರು.